ಬಿಡುಗಡೆಯಾದ ಮೇಲೂ ಹೆಗಲ ಮೇಲೆ ನೊಗ ಯಾಕೆ?

ಆ ಚೀಟಿಯನ್ನು ನಾನು ಕೈಯಲ್ಲಿ ಹಿಡಿದು ನೋಡಿದ್ದೇನೆ. ಶಾಲೆ ಮಕ್ಕಳ ನೋಟ್‌ಬುಕ್ಕಿನಿಂದ ಹರಿದ ಗೆರೆ ಹಾಳೆ. ನಾಲ್ಕು ಮಡಿಕೆ. ಮಡಿಸಿ ಮಡಿಸಿ ಆ ಜಾಗದಲ್ಲಿ ಶಾಯಿಯೇ ಅಳಿಸಿಹೋಗಿತ್ತು. ಪ್ಲಾಸ್ಟಿಕ್ ಕವರಿಗೆ ಹಾಕಿ, ಮೊಬೈಲಿನ ಹಿಂಬದಿಗೆ ಸಿಕ್ಕಿಸಿಕೊಂಡಿದ್ದರು ಆ ಅಕ್ಕ. ಹುಮನಾಬಾದ್ ಕಡೆಯವರು. ಪುಣೆಗೆ ಬಂದು ಹದಿನಾಲ್ಕು ವರ್ಷ. ಗಂಡನಿಗೆ ಸೆಂಟ್ರಿಂಗ್ ಕೆಲಸ, ಇವರು ನಾಲ್ಕು ಮನೆಯಲ್ಲಿ ಅಡುಗೆ ಮಾಡುತ್ತಾರೆ. ಭಾನುವಾರ ಚರ್ಚಿನಲ್ಲಿ ಕನ್ನಡ ಆರಾಧನೆ ಮುಗಿದು ಎಲ್ಲರೂ ಚಹಾ ಕುಡಿಯುತ್ತಾ ನಿಂತಿದ್ದಾಗ ನನ್ನನ್ನು ಪಕ್ಕಕ್ಕೆ ಕರೆದು ಕೇಳಿದರು: "ಅಣ್ಣಾ, ಮೂರು ಶುಕ್ರವಾರ ಉಪವಾಸ ತಪ್ಪ್ಯಾದ್ರಿ. ಹುಡುಗಿಗಿ ಜ್ವರ ಅದಕ್ಕೇ ಬಂದದೇನ್ರಿ?"

ಚೀಟಿಯಲ್ಲಿ ಹನ್ನೊಂದು ನಿಯಮಗಳಿದ್ದವು. ಯಾವುದೋ ಪ್ರಾರ್ಥನಾ ಗುಂಪಿನಲ್ಲಿ ಬರೆಸಿ ಕೊಟ್ಟದ್ದು. ಶುಕ್ರವಾರ ಉಪವಾಸ. ಬೆಳಗ್ಗೆ ನಾಲ್ಕಕ್ಕೆ ಎದ್ದು ಪ್ರಾರ್ಥನೆ. ಬಳೆ ಹಾಕಬಾರದು. ಪಕ್ಕದ ಮನೆಯವರು ಕೊಟ್ಟದ್ದನ್ನು ತಿನ್ನಬಾರದು. ಹೊಸ ಕೆಲಸ ಸಿಕ್ಕಿದರೆ ಮೊದಲ ಸಂಬಳ ಪೂರ್ತಿ ಕಾಣಿಕೆ. ಹೀಗೆ. ಕೊನೆಯಲ್ಲಿ, ಬೇರೆಲ್ಲಕ್ಕಿಂತ ದಪ್ಪ ಅಕ್ಷರದಲ್ಲಿ ಒಂದು ಸಾಲು: 'ಇದರಲ್ಲಿ ಒಂದು ತಪ್ಪಿದರೂ ಆಶೀರ್ವಾದದ ಬಾಗಿಲು ಮುಚ್ಚುತ್ತದೆ.'

ಒಂದೊಂದು ನಿಯಮವನ್ನೇ ತೆಗೆದು ನೋಡಿದರೆ ತಪ್ಪು ಹುಡುಕುವುದು ಕಷ್ಟ. ಉಪವಾಸ ಒಳ್ಳೆಯದೇ. ಬೆಳಗಿನ ಪ್ರಾರ್ಥನೆಯನ್ನು ಬೇಡ ಅನ್ನುವವರು ಯಾರು? ತೊಂದರೆ ಇರುವುದು ಕೊನೆಯ ಸಾಲಿನಲ್ಲಿ. ಆ ಸಾಲು ಬಂದ ಕೂಡಲೇ ಮೇಲಿನ ಹನ್ನೊಂದೂ ಬೇರೆಯೇ ಆಗಿಬಿಡುತ್ತವೆ. ಇದು ಹೊಸ ತೊಂದರೆಯೇನಲ್ಲ. ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ಇದೇ ಮಾತಿಗೆ ಒಂದು ಪತ್ರವೇ ಹುಟ್ಟಿತು, ಅದು ಈಗ ಬೈಬಲಿನಲ್ಲಿದೆ.

ಈಗಿನ ಟರ್ಕಿ ದೇಶದ ನಡುಭಾಗಕ್ಕೆ ಆಗ ಗಲಾತ್ಯ ಅನ್ನುತ್ತಿದ್ದರು. ಅಲ್ಲಿ ಯೇಸುವಿನ ಅಪೊಸ್ತಲ, ಅಂದರೆ ಸುದ್ದಿ ಸಾರಲು ಕಳಿಸಲ್ಪಟ್ಟವನಾದ ಪೌಲ ಸಾರಿದ ಸುವಾರ್ತೆಯನ್ನು ಕೇಳಿ ಯೆಹೂದ್ಯರಲ್ಲದ ಜನ ಯೇಸುವನ್ನು ನಂಬಿದರು. ಪೌಲ ಮುಂದಿನ ಊರಿಗೆ ಹೋದ ಮೇಲೆ ಬೇರೆ ಬೋಧಕರು ಬಂದರು. ಅವರು ಯೇಸುವನ್ನು ಬಿಡಿ ಅನ್ನಲಿಲ್ಲ. ಯೇಸು ಬೇಕು, ಅದರ ಜೊತೆಗೆ ಯೆಹೂದ್ಯರ ಹಾಗೆ ಸುನ್ನತಿಯೂ ಬೇಕು ಅಂದರು. ದಿನ, ತಿಂಗಳು, ಹಬ್ಬಗಳನ್ನು ಕಟ್ಟುನಿಟ್ಟಾಗಿ ಆಚರಿಸುವುದೂ ಅಲ್ಲಿ ಶುರುವಾಯಿತು. ಹಾಗಾದರೆ ಮಾತ್ರ ನೀವು ನಿಜವಾಗಿ ದೇವರ ಜನ ಅನ್ನುವ ಭಾವನೆ.

ಪೌಲನಿಗೆ ಸಿಟ್ಟು ಬಂತು. ಅವನ ಬೇರೆ ಪತ್ರಗಳು ಸಾಮಾನ್ಯವಾಗಿ ಆಯಾ ಊರಿನ ಕ್ರೈಸ್ತ ಸಭೆಯವರಿಗಾಗಿ ದೇವರಿಗೆ ಸ್ತೋತ್ರ ಹೇಳಿ ಶುರುವಾಗುತ್ತವೆ. ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಅದೂ ಇಲ್ಲ, ನೇರವಾಗಿ ವಿಷಯಕ್ಕೇ ಬರುತ್ತಾನೆ. ಐದನೇ ಅಧ್ಯಾಯದ ಮೊದಲ ವಚನ ನಮ್ಮ ಸಭೆಗಳಲ್ಲಿ ಬಹಳ ಜನರಿಗೆ ಬಾಯಿಪಾಠ. ನಾವು ಸ್ವತಂತ್ರರಾಗಿರಬೇಕೆಂದೇ ಕ್ರಿಸ್ತನು ನಮ್ಮನ್ನು ಬಿಡಿಸಿದ್ದಾನೆ, ಅದರಲ್ಲಿ ಗಟ್ಟಿಯಾಗಿ ನಿಲ್ಲಿರಿ, ದಾಸತ್ವದ ನೊಗಕ್ಕೆ ಮತ್ತೆ ಕೊರಳು ಕೊಡಬೇಡಿ. ಇದು ಆ ವಚನದ ಸಾರ.

'ಮತ್ತೆ' ಅನ್ನುವ ಮಾತನ್ನು ಗಮನಿಸಿ. ಗಲಾತ್ಯದವರು ಮೊದಲು ಯೆಹೂದ್ಯರ ಧರ್ಮಶಾಸ್ತ್ರದ ಕೆಳಗೆ ಇದ್ದವರೇ ಅಲ್ಲ. ಬೇರೆ ದೇವರುಗಳನ್ನು ಪೂಜಿಸುತ್ತಿದ್ದವರು. ಹಾಗಿದ್ದರೆ ಮತ್ತೆ ಯಾಕೆ? ಪೌಲನ ಲೆಕ್ಕ ಹೀಗಿದೆ. ಯಾವ ದೇವರ ಹೆಸರಿನಲ್ಲಾದರೂ ಆಗಲಿ, ಇದನ್ನು ಮಾಡಿದರೆ ಒಲಿಯುತ್ತಾನೆ, ಬಿಟ್ಟರೆ ಮುನಿಯುತ್ತಾನೆ ಅನ್ನುವ ಭಯದಲ್ಲಿ ಬದುಕಿದರೆ ಅದು ಹಳೆಯ ಸೆರೆಯೇ. ಬಾಗಿಲಿಗೆ ಹೊಸ ಬಣ್ಣ ಬಳಿದಿರಬಹುದು, ಅಷ್ಟೇ. ಹಾಗಂತ ಧರ್ಮಶಾಸ್ತ್ರ ಕೆಟ್ಟದ್ದು ಅಂತ ಅವನು ಎಲ್ಲೂ ಹೇಳುವುದಿಲ್ಲ. ತಾನೇ ಯೆಹೂದ್ಯನಾಗಿದ್ದ ಪೌಲ ರೋಮದವರಿಗೆ ಬರೆಯುವಾಗ ಅದನ್ನು ಪರಿಶುದ್ಧವಾದದ್ದು, ಒಳ್ಳೆಯದು ಅಂತಲೇ ಕರೆಯುತ್ತಾನೆ. ದೇವರ ಮಕ್ಕಳಾಗಲು ಅದೇ ಬೆಲೆ, ಕಟ್ಟಿ ಅಂತ ಕೇಳುವುದನ್ನು ಮಾತ್ರ ಅವನು ಒಪ್ಪಲಿಲ್ಲ. ಬೆಲೆಯನ್ನು ಕ್ರಿಸ್ತನು ಕಟ್ಟಿ ಆಗಿದೆ. ಮತ್ತೊಮ್ಮೆ ವಸೂಲಿ ಮಾಡುವ ಹಕ್ಕು ಯಾರಿಗೂ ಇಲ್ಲ.

ಈ ಜಗಳ ಗಲಾತ್ಯದಲ್ಲಷ್ಟೇ ನಡೆಯಲಿಲ್ಲ. ಕ್ರಿ.ಶ. 49ರ ಸುಮಾರಿಗೆ ಯೆರೂಸಲೇಮಿನಲ್ಲಿ ಅಪೊಸ್ತಲರೂ ಹಿರಿಯರೂ ಸೇರಿ ಇದೇ ವಿಷಯ ಮಾತಾಡಿದರು. ಬೈಬಲಿನ ಅಪೊಸ್ತಲರ ಕೃತ್ಯಗಳ ಹದಿನೈದನೇ ಅಧ್ಯಾಯದಲ್ಲಿ ಇದೆ. ಅಲ್ಲಿ ಯೇಸುವಿನ ಶಿಷ್ಯ ಪೇತ್ರ ಎದ್ದು ನಿಂತು ಕೇಳಿದ್ದೂ ನೊಗದ ಮಾತನ್ನೇ. ನಮ್ಮ ಹಿರಿಯರಿಗೂ ನಮಗೂ ಹೊರಲಿಕ್ಕೆ ಆಗದ ನೊಗವನ್ನು ಈ ಶಿಷ್ಯರ ಹೆಗಲಿಗೆ ಯಾಕೆ ಹಾಕುತ್ತೀರಿ?

ನಾನು ಒಕ್ಕಲುತನದ ಮನೆಯಲ್ಲಿ ಬೆಳೆದವನು. ಪುಣೆಯಲ್ಲಿ ಹುಟ್ಟಿದ ನಮ್ಮ ಮಕ್ಕಳಿಗೆ ನೊಗ ಅಂದರೆ ಚಿತ್ರ ಬಿಡಿಸಿ ತೋರಿಸಬೇಕು. ಎರಡು ಎತ್ತಿನ ಹೆಗಲ ಮೇಲೆ ಅಡ್ಡ ಬರುವ ಮರ, ಕೊರಳಿಗೆ ಬಿಗಿಯುವ ಪಟ್ಟಿ. ನೊಗ ಸರಿಯಾಗಿ ಕೂರದಿದ್ದರೆ ಎತ್ತಿನ ಹೆಗಲು ಬಾತುಕೊಳ್ಳುತ್ತದೆ. ಚರ್ಮ ಸುಲಿದು ಹುಣ್ಣಾಗುತ್ತದೆ, ನೊಣ ಮುತ್ತುತ್ತದೆ. ನನ್ನ ಅಪ್ಪ ಅಂಥ ಎತ್ತನ್ನು ಹೂಡುತ್ತಿರಲಿಲ್ಲ. ಮೊದಲು ಹುಣ್ಣಿಗೆ ಅರಿಶಿನ, ಎಣ್ಣೆ. ಆಮೇಲೆ ನೊಗವನ್ನು ಕೆಳಗಿಟ್ಟುಕೊಂಡು, ಒತ್ತುವ ಜಾಗವನ್ನು ಬೆರಳಿನಿಂದ ಸವರಿ ಸವರಿ ನೋಡಿ, ಉಳಿಯಿಂದ ಕೆತ್ತಿ ನುಣ್ಣಗೆ ಮಾಡುತ್ತಿದ್ದರು. ಎತ್ತನ್ನು ಬೈದದ್ದು ನಾನು ಕೇಳಿಲ್ಲ.

ಯೇಸು 'ನನ್ನ ನೊಗ' ಅಂದಾಗ ನನಗೆ ಕಾಣುವುದು ಆ ಬೆರಳುಗಳು. ಅವನ ಕಾಲದ ಯೆಹೂದ್ಯ ಬೋಧಕರು ಧರ್ಮಶಾಸ್ತ್ರವನ್ನು ನೊಗ ಅಂತಲೇ ಕರೆಯುತ್ತಿದ್ದರು. ಆ ಮಾತು ಕಿವಿಗೆ ಬಿದ್ದಿದ್ದ ಜನಕ್ಕೆ ಯೇಸು ಹೇಳಿದ: ದಣಿದವರೇ, ಹೊರೆ ಹೊತ್ತವರೇ, ನನ್ನ ಹತ್ತಿರ ಬನ್ನಿ, ನನ್ನ ನೊಗ ಹೊತ್ತುಕೊಳ್ಳಿ, ಅದು ಮೃದುವಾದದ್ದು. ಮೃದು ಅಂತ ಕನ್ನಡಕ್ಕೆ ಬಂದಿರುವ ಗ್ರೀಕ್ ಪದಕ್ಕೆ ಒಳ್ಳೆಯದು, ಹಿತವಾದದ್ದು ಅನ್ನುವ ಅರ್ಥವೂ ಇದೆ. ಕ್ರೈಸ್ತ ನಂಬಿಕೆಯಲ್ಲಿ ಸ್ವಾತಂತ್ರ್ಯ ಅಂದರೆ ನೊಗವೇ ಇಲ್ಲ ಅಂತಲ್ಲ. ಹೆಗಲ ಮೇಲಿರುವುದು ಯಾರ ನೊಗ, ಅದು ಹೆಗಲನ್ನು ಸುಲಿಯುತ್ತಿದೆಯಾ ಅನ್ನುವುದು ಮುಖ್ಯ.

ಇಲ್ಲಿ ಬಹಳ ಜನರಿಗೆ ಗೊಂದಲವಾಗುತ್ತದೆ. ಹಾಗಾದರೆ ನಿಯಮವೇ ಬೇಡವೇ? ಇದಕ್ಕೆ ಉತ್ತರ ಪೌಲನ ಜೊತೆ ಕೆಲಸ ಮಾಡುತ್ತಿದ್ದ ಇಬ್ಬರು ಯುವಕರಲ್ಲಿದೆ. ಒಬ್ಬ ತೀತ, ಗ್ರೀಕನು. ಯೆರೂಸಲೇಮಿನಲ್ಲಿ ಅವನಿಗೆ ಸುನ್ನತಿ ಮಾಡಿಸಬೇಕೆಂದು ಒತ್ತಾಯ ಬಂತು. ಪೌಲ ಒಂದು ಗಳಿಗೆಯೂ ಬಗ್ಗಲಿಲ್ಲ. ಇನ್ನೊಬ್ಬ ತಿಮೊಥೆಯ. ತಾಯಿ ಯೆಹೂದ್ಯಳು, ತಂದೆ ಗ್ರೀಕನು. ಅವನಿಗೆ ಪೌಲ ತಾನೇ ಸುನ್ನತಿ ಮಾಡಿಸಿದ, ಆ ಕಡೆಯ ಯೆಹೂದ್ಯರ ನಡುವೆ ಕೆಲಸ ಮಾಡಲು ಅಡ್ಡಿಯಾಗಬಾರದು ಅಂತ. ಮೇಲಿಂದ ನೋಡಿದರೆ ಮಾತು ಬದಲಿಸಿದ ಹಾಗೆ ಕಾಣುತ್ತದೆ, ಅಲ್ವಾ? ಆದರೆ ತೀತನ ವಿಷಯದಲ್ಲಿ ಮಾಡದಿದ್ದರೆ ನೀನು ದೇವರವನಲ್ಲ ಅಂದರು, ಅದಕ್ಕೇ ಇಲ್ಲ. ತಿಮೊಥೆಯನ ವಿಷಯದಲ್ಲಿ ಇತರರ ಒಳ್ಳೆಯದಕ್ಕಾಗಿ ತಾವಾಗಿಯೇ ಒಪ್ಪಿಕೊಂಡದ್ದು, ಅದಕ್ಕೇ ಹೌದು. ಎರಡೂ ಕಡೆ ವಿಷಯ ಒಂದೇ, ಸುನ್ನತಿ. ಒಂದು ಕಡೆ ಸಂಕೋಲೆ, ಇನ್ನೊಂದು ಕಡೆ ಪ್ರೀತಿ.

ಆ ಅಕ್ಕನ ಶುಕ್ರವಾರದ ಉಪವಾಸವನ್ನೂ ಹೀಗೇ ನೋಡಬೇಕು. ಮಗಳಿಗಾಗಿ ತಾಯಿ ಒಂದು ಹೊತ್ತು ಊಟ ಬಿಟ್ಟು ಪ್ರಾರ್ಥಿಸಿದರೆ ಅದಕ್ಕಿಂತ ಚೆಂದ ಯಾವುದಿದೆ? ಆದರೆ ತಪ್ಪಿದ ಊಟದ ಲೆಕ್ಕ ಇಟ್ಟು ದೇವರು ಮಗುವಿಗೆ ಜ್ವರ ಕೊಡುತ್ತಾನೆ ಅಂದರೆ ಅದು ಸುವಾರ್ತೆ ಅಲ್ಲ. ಹುಟ್ಟು ಕುರುಡನನ್ನು ನೋಡಿ ಶಿಷ್ಯರು, ಇವನು ಪಾಪ ಮಾಡಿದ್ದೋ ಇವನ ತಂದೆತಾಯಿ ಮಾಡಿದ್ದೋ ಅಂತ ಕೇಳಿದಾಗ ಯೇಸು ಇಬ್ಬರೂ ಅಲ್ಲ ಅಂದ. ಯೋಹಾನನ ಒಂಬತ್ತನೇ ಅಧ್ಯಾಯ. ನಾನು ಆ ಅಕ್ಕನಿಗೆ ಅಂದು ಅದನ್ನೇ ಓದಿ ಹೇಳಿದೆ. ಮಗುವನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಅಂತಲೂ ಹೇಳಿದೆ.

ಚೀಟಿಯಲ್ಲಿದ್ದ ಇನ್ನೊಂದು ನಿಯಮ ಪುಣೆಯಲ್ಲಿರುವ ನಮಗೆ ಪ್ರತಿ ವರ್ಷ ಎದುರಾಗುತ್ತದೆ. ಗಣಪತಿ ಹಬ್ಬ ಬಂತೆಂದರೆ ಪಕ್ಕದ ಮನೆಯ ಕಾಕೂ ಬಟ್ಟಲ ತುಂಬ ಬಿಸಿ ಮೋದಕ ಹಿಡಿದು ಬಾಗಿಲಿಗೆ ಬರುತ್ತಾರೆ. ತಿನ್ನಬೇಕಾ, ಬೇಡವಾ? ಗ್ರೀಸಿನ ಕೊರಿಂಥ ಊರಿನ ಸಭೆಯಲ್ಲಿ ಇದೇ ಪ್ರಶ್ನೆ ಎದ್ದಿತ್ತು. ಪೌಲ ಬಹಳ ಸಮಾಧಾನದಿಂದ ಉತ್ತರಿಸುತ್ತಾನೆ. ಪೇಟೆಯಲ್ಲಿ ಮಾರುವುದನ್ನು ಏನೂ ಕೇಳದೆ ತಿನ್ನಿ, ಭೂಮಿಯೂ ಅದರಲ್ಲಿರುವುದೂ ದೇವರದ್ದೇ. ಊಟಕ್ಕೆ ಕರೆದರೆ ಹೋಗಿ, ಬಡಿಸಿದ್ದನ್ನು ಉಣ್ಣಿ. ಆದರೆ ಇದು ಪೂಜೆಗೆ ಅರ್ಪಿಸಿದ್ದು ಅಂತ ಯಾರಾದರೂ ಹೇಳಿದರೆ, ಹೇಳಿದವನ ಮನಸ್ಸಾಕ್ಷಿಗಾಗಿ ಬಿಡಿ. ಗುಡಿಯ ಪೂಜೆಯ ಊಟದಲ್ಲಿ ಪಾಲುಗೊಳ್ಳುವುದು ಮಾತ್ರ ಬೇಡ ಅಂತ ಅವನು ಸ್ಪಷ್ಟವಾಗಿ ಹೇಳುತ್ತಾನೆ. ನಮ್ಮಲ್ಲಿ ಕೆಲವರು ತಿನ್ನುತ್ತಾರೆ, ಕೆಲವರು ನಯವಾಗಿ ಬೇಡ ಅನ್ನುತ್ತಾರೆ. ಇಬ್ಬರೂ ದೇವರ ಮುಂದೆ ಯೋಚಿಸಿಯೇ ನಿರ್ಧಾರ ಮಾಡಿರುತ್ತಾರೆ. ರೋಮದವರಿಗೆ ಬರೆದ ಹದಿನಾಲ್ಕನೇ ಅಧ್ಯಾಯ ಹೇಳುವಂತೆ ತಿನ್ನುವವನು ತಿನ್ನದವನನ್ನು ಹೀನಾಯ ಮಾಡಬಾರದು, ತಿನ್ನದವನು ತಿನ್ನುವವನಿಗೆ ತೀರ್ಪು ಮಾಡಬಾರದು. ಬೇಡ ಅನ್ನುವವರೂ ಕಾಕೂ ಜೊತೆ ಬಾಗಿಲಲ್ಲಿ ನಿಂತು ನಾಲ್ಕು ಮಾತಾಡಲಿ, ಕ್ರಿಸ್‌ಮಸ್‌ಗೆ ಆ ಬಟ್ಟಲ ತುಂಬ ಕರ್ಜಿಕಾಯಿ ವಾಪಸ್ ಹೋಗಲಿ. ಬಾಗಿಲನ್ನೇ ತೆರೆಯಬೇಡ ಅನ್ನುವ ಬೋಧನೆ ಪೌಲನದ್ದಲ್ಲ.

ಇನ್ನು ಪುಣೆಯಲ್ಲಿದ್ದುಕೊಂಡು ಈ ವಿಷಯ ಮಾತಾಡುವಾಗ ಪಂಡಿತಾ ರಮಾಬಾಯಿಯವರನ್ನು ಬಿಡಲಾಗದು. ಅವರು ಹುಟ್ಟಿದ್ದು 1858ರಲ್ಲಿ, ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ. ತಂದೆ ಅನಂತಶಾಸ್ತ್ರಿಗಳು ಆ ಕಾಲದಲ್ಲೇ ಹೆಂಡತಿಗೆ ಸಂಸ್ಕೃತ ಕಲಿಸಿದವರು. ರಮಾಬಾಯಿ 1882ರಲ್ಲಿ ಪುಣೆಗೆ ಬಂದು ಆರ್ಯ ಮಹಿಳಾ ಸಮಾಜ ಕಟ್ಟಿದರು. ಮರುವರ್ಷ ಇಂಗ್ಲೆಂಡಿಗೆ ಹೋದರು. ಅಲ್ಲಿ ವಾಂಟೇಜ್ ಊರಿನ ಕ್ರೈಸ್ತ ಸಂನ್ಯಾಸಿನಿಯರ ಮಠದಲ್ಲಿದ್ದಾಗ ದೀಕ್ಷಾಸ್ನಾನ ಪಡೆದು ಕ್ರೈಸ್ತರಾದರು.

ಮುಂದೆ ನಡೆದದ್ದು ನಮ್ಮ ವಿಷಯಕ್ಕೆ ಹತ್ತಿರದ್ದು. ಅವರನ್ನು ನೋಡಿಕೊಳ್ಳುತ್ತಿದ್ದ ಸಿಸ್ಟರ್ ಜೆರಾಲ್ಡೀನ್, ಸಭೆ ಹೇಳಿದ್ದನ್ನೆಲ್ಲ ಪ್ರಶ್ನಿಸದೆ ಒಪ್ಪಬೇಕೆಂದು ಬಯಸಿದರು. ರಮಾಬಾಯಿ ಪ್ರಶ್ನೆ ಕೇಳುತ್ತಲೇ ಹೋದರು. ಮಾಂಸ ತಿನ್ನದೇ ಉಳಿದರು, ಅದಕ್ಕೂ ಆಕ್ಷೇಪ ಬಂತು. 1885ರ ಮೇ ತಿಂಗಳಲ್ಲಿ ಅವರು ಸಿಸ್ಟರ್‌ಗೆ ಬರೆದ ಪತ್ರದ ಒಂದು ಮಾತಿನ ಸಾರ ಹೀಗಿದೆ. ಭಾರತದ ಪುರೋಹಿತರ ನೊಗದಿಂದ ಬಹಳ ಕಷ್ಟಪಟ್ಟು ಈಗಷ್ಟೇ ಬಿಡಿಸಿಕೊಂಡಿದ್ದೇನೆ. ಪಾದ್ರಿಗಳಿಂದ ಬಂದದ್ದೆಲ್ಲ ದೇವರ ಆಜ್ಞೆ ಅಂತ ಒಪ್ಪಿಕೊಂಡು ಅಂಥದ್ದೇ ಇನ್ನೊಂದು ನೊಗಕ್ಕೆ ಕೊರಳು ಕೊಡಲು ಸದ್ಯಕ್ಕೆ ನಾನು ತಯಾರಿಲ್ಲ.

ದೀಕ್ಷಾಸ್ನಾನವಾಗಿ ಎರಡು ವರ್ಷವೂ ತುಂಬದ ಒಬ್ಬ ವಿಧವೆ, ಪುಟ್ಟ ಮಗಳು, ಪರದೇಶ. ಆ ಸ್ಥಿತಿಯಲ್ಲಿ ಈ ಮಾತು ಬರೆಯಲು ಎಷ್ಟು ಧೈರ್ಯ ಬೇಕು! ಅವರು ನಂಬಿಕೆ ಬಿಡಲಿಲ್ಲ, ಆ ಸ್ನೇಹವನ್ನೂ ಕಡಿದುಕೊಳ್ಳಲಿಲ್ಲ. ಮನಸ್ಸಾಕ್ಷಿಯನ್ನು ಮಾತ್ರ ಅಡವಿಡಲಿಲ್ಲ.

ಇದರಷ್ಟೇ ಮುಖ್ಯವಾದ ಇನ್ನೊಂದು ಮಾತನ್ನು ಅವರು 1907ರಲ್ಲಿ ತಮ್ಮ ಸಾಕ್ಷಿಯಲ್ಲಿ, ಅಂದರೆ ತಮ್ಮ ನಂಬಿಕೆಯ ಕತೆಯಲ್ಲಿ, ಬರೆದರು. ನನಗೆ ಕ್ರೈಸ್ತ ಧರ್ಮ ಸಿಕ್ಕಿತ್ತು, ಆ ಧರ್ಮದ ಜೀವವಾದ ಕ್ರಿಸ್ತ ಸಿಕ್ಕಿರಲಿಲ್ಲ ಅಂತ. ಕ್ರಿಸ್ತ ಸಿಕ್ಕಿದ್ದು ಭಾರತಕ್ಕೆ ಮರಳಿ, ವಿಧವೆಯರಿಗಾಗಿ ಶಾರದಾ ಸದನ ಶುರುಮಾಡಿದ ಮೇಲೆ, ದೀಕ್ಷಾಸ್ನಾನದ ಎಷ್ಟೋ ವರ್ಷಗಳ ನಂತರ. ಬೇಡ ಅನ್ನಬೇಕಾದ ನೊಗಕ್ಕೆ ಬೇಡ ಅಂದರು, ಅದು ಮೊದಲು. ಆದರೆ ಬರೀ ಬೇಡ ಅನ್ನುವುದರಿಂದ ಎದೆಗೆ ನೆಮ್ಮದಿ ಬರುವುದಿಲ್ಲ. ತನ್ನ ಯೋಗ್ಯತೆಯಿಂದ ಅಲ್ಲ, ಕೃಪೆಯಿಂದ, ಸುಮ್ನೆ, ದೇವರು ತನ್ನನ್ನು ಮಗಳಾಗಿ ಸೇರಿಸಿಕೊಂಡಿದ್ದಾನೆ ಅಂತ ತಿಳಿದಾಗ ಅದು ಬಂತು. ಪುಣೆಯಿಂದ ದೌಂಡ್ ಕಡೆಗೆ ಹೋಗುವ ಲೋಕಲ್ ಹತ್ತಿದರೆ ಕೇಡಗಾಂವ್ ಸ್ಟೇಶನ್ ಸಿಗುತ್ತದೆ. ಅವರ ಮುಕ್ತಿ ಮಿಶನ್ ಅಲ್ಲಿದೆ. ಮುಕ್ತಿ ಅಂದರೆ ಬಿಡುಗಡೆ, ಹೆಸರೇ ಅದು. ಬರಗಾಲದಲ್ಲಿ ದಿಕ್ಕಿಲ್ಲದ ಹೆಂಗಸರನ್ನೂ ಮಕ್ಕಳನ್ನೂ ಕರೆತಂದು ಅಕ್ಷರ, ಕಸುಬು ಕಲಿಸಿದರು. ತಾವೇ ಹೀಬ್ರೂ, ಗ್ರೀಕ್ ಕಲಿತು, ಸಾಮಾನ್ಯ ಹೆಂಗಸರಿಗೂ ಅರ್ಥವಾಗುವ ಮರಾಠಿಯಲ್ಲಿ ಬೈಬಲ್ ಅನುವಾದಿಸಿದರು. ಅದನ್ನು ಅಚ್ಚು ಮಾಡಿದ್ದು ಅಲ್ಲಿನ ಹೆಂಗಸರೇ. 1922ರಲ್ಲಿ ತೀರಿಕೊಂಡರು.

ಅವರು ಯಾಕೆ ಅಷ್ಟು ಕಷ್ಟಪಟ್ಟು ಅನುವಾದ ಮಾಡಿದರು ಅಂತ ನನಗೆ ನನ್ನ ಬದುಕಿನಿಂದ ಅರ್ಥವಾಯಿತು. ಹೊಸದಾಗಿ ಈ ಊರಿಗೆ ಬಂದಾಗ ನಾನೊಂದು ಸಣ್ಣ ಗುಂಪಿನಲ್ಲಿದ್ದೆ. ಒಳ್ಳೆಯ ಹಾಡು, ಒಳ್ಳೆಯ ಜನ, ಊರು ಬಿಟ್ಟು ಬಂದವನಿಗೆ ಮನೆಯ ಹಾಗಿತ್ತು. ನಿಧಾನವಾಗಿ ಕೆಲಸ ಬದಲಿಸಲೂ ನಾಯಕರ ಅಪ್ಪಣೆ ಬೇಕಾಯಿತು. ಊರಿಗೆ, ಅಪ್ಪ ಅಮ್ಮನನ್ನು ನೋಡಲು ಹೋಗುವುದಕ್ಕೂ ಬೇಕಾಯಿತು. ಒಮ್ಮೆ ಯಾಕೆ ಅಂತ ಕೇಳಿದೆ. ಅಭಿಷಿಕ್ತರನ್ನು, ಅಂದರೆ ದೇವರು ಆರಿಸಿಕೊಂಡವರನ್ನು, ಮುಟ್ಟಬಾರದು ಅಂತ ವಚನ ಇದೆ, ನಿನಗೆ ಶಾಪ ತಗಲುತ್ತದೆ ಅಂದರು. ಎರಡು ವರ್ಷ ಆ ಮಾತು ನನ್ನ ನಿದ್ದೆ ಕೆಡಿಸಿತು. ಒಂದು ರಾತ್ರಿ ಆ ವಚನ ಎಲ್ಲಿದೆ ಅಂತ ಹುಡುಕಿದೆ. ಕೀರ್ತನೆ 105. ಮೇಲಿಂದ ಓದುತ್ತಾ ಬಂದೆ. ಅದು ಅಬ್ರಹಾಮ, ಇಸಾಕ, ಯಾಕೋಬರ ಕತೆ. ಸ್ವಂತ ನೆಲವಿಲ್ಲದೆ ದೇಶದಿಂದ ದೇಶಕ್ಕೆ ಅಲೆಯುತ್ತಿದ್ದ ಸ್ವಲ್ಪೇ ಜನ. ಅವರನ್ನು ಮುಟ್ಟಬೇಡಿ ಅಂತ ದೇವರು ಗದರಿಸಿದ್ದು ರಾಜರನ್ನು. ಬಲವಿಲ್ಲದವರನ್ನು ಬಲವಿದ್ದವರಿಂದ ಕಾಪಾಡಲು ಆಡಿದ ಮಾತು! ಅದನ್ನು ತಿರುಗಿಸಿ, ಬಲವಿದ್ದವರು ತಮ್ಮನ್ನು ಕಾಪಾಡಿಕೊಳ್ಳಲು ಬಳಸುತ್ತಿದ್ದರು. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ಅಂದು ರಾತ್ರಿ ನಾನು ಬೈಬಲ್ ಮುಚ್ಚಿಟ್ಟು ಬಹಳ ಹೊತ್ತು ಅತ್ತೆ.

ಅದಕ್ಕೇ ಸ್ವಾತಂತ್ರ್ಯ ಕಾಯ್ದುಕೊಳ್ಳುವ ಮೊದಲ ದಾರಿ ಅಂದರೆ ಸ್ವತಃ ಓದುವುದು ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಒಂದು ವಚನ ಹೇಳಿದರೆ ಅದರ ಹಿಂದಿನ ಹತ್ತು, ಮುಂದಿನ ಹತ್ತು ಓದಿ. ಬೆರೋಯ ಅನ್ನುವ ಊರಿನ ಜನ ಪೌಲನ ಮಾತನ್ನೇ ದಿನಾಲೂ ಶಾಸ್ತ್ರಕ್ಕೆ ಹಚ್ಚಿ ನೋಡಿದರು. ಅವರನ್ನು ಹೊಗಳಲಾಯಿತೇ ಹೊರತು ಬೈಯಲಿಲ್ಲ. ಪೌಲನೇ ಕೊರಿಂಥದವರಿಗೆ, ನಿಮ್ಮ ನಂಬಿಕೆಯ ಮೇಲೆ ನಾವು ದೊರೆತನ ಮಾಡುವವರಲ್ಲ ಅಂತ ಬರೆದ. ಕಾಣಿಕೆಯ ವಿಷಯದಲ್ಲೂ ಅಷ್ಟೇ, ದುಃಖದಿಂದಲ್ಲ, ಬಲವಂತದಿಂದಲ್ಲ, ಹೃದಯದಲ್ಲಿ ನಿಶ್ಚಯಿಸಿದಷ್ಟು. ಪ್ರಶ್ನೆ ಕೇಳಿದರೆ ಹೆದರಿಸುವ, ಮನೆಯವರಿಂದ ದೂರ ಮಾಡುವ, ಇಲ್ಲಿಂದ ಹೋದರೆ ರಕ್ಷಣೆ ಹೋಯಿತು ಅನ್ನುವ ಜಾಗದಲ್ಲಿ ಹೆಗಲು ಒಮ್ಮೆ ಮುಟ್ಟಿ ನೋಡಿಕೊಳ್ಳಬೇಕು. ಒಳ್ಳೆಯ ಸಭಾಪಾಲಕರು ಬೇಕಾದಷ್ಟು ಜನ ಇದ್ದಾರೆ. ನನ್ನನ್ನು ಮತ್ತೆ ಎಬ್ಬಿಸಿ ನಿಲ್ಲಿಸಿದ್ದೂ ಅಂಥ ಒಬ್ಬ ಅಯ್ಯನವರೇ. ನಾನು ಕೇಳಿದ ಪ್ರಶ್ನೆಗೆ, ನನಗೂ ಗೊತ್ತಿಲ್ಲಪ್ಪ, ಕೂತು ಓದೋಣ ಬಾ ಅಂದರು. ಅವರ ಬಾಯಿಂದ ಆ ಮಾತು ಕೇಳಿದಾಗ ಉಸಿರಾಟವೇ ಹಗುರವಾಯಿತು.

ಸ್ವಾತಂತ್ರ್ಯ ಇನ್ನೊಂದು ಕಡೆಯಿಂದಲೂ ಸೋರಿಹೋಗುತ್ತದೆ. ಕೃಪೆ ಇದೆಯಲ್ಲ, ಏನು ಮಾಡಿದರೂ ನಡೆಯುತ್ತದೆ ಅನ್ನುವುದು. ಎಲ್ಲದರಲ್ಲೂ ನನಗೆ ಸ್ವಾತಂತ್ರ್ಯವಿದೆ, ಆದರೆ ಯಾವುದಕ್ಕೂ ನಾನು ಆಳಾಗುವುದಿಲ್ಲ ಅಂತ ಪೌಲ. ಕುಡಿತವೋ ಮೊಬೈಲಿನ ಜೂಜೋ, ಬಿಡಲಾಗದಿದ್ದರೆ ಅದೂ ನೊಗವೇ. ಗಲಾತ್ಯದವರಿಗೂ ಅದೇ ಅಧ್ಯಾಯದಲ್ಲಿ ಹೇಳುತ್ತಾನೆ, ಸ್ವಾತಂತ್ರ್ಯವನ್ನು ಶರೀರದ ಆಸೆಗೆ ನೆಪ ಮಾಡಬೇಡಿ, ಪ್ರೀತಿಯಿಂದ ಒಬ್ಬರಿಗೊಬ್ಬರು ಸೇವೆ ಮಾಡಿ. ಜರ್ಮನಿಯ ಧರ್ಮಸುಧಾರಕ ಮಾರ್ಟಿನ್ ಲೂಥರ್ 1520ರಲ್ಲಿ ಈ ಎರಡನ್ನೂ ಒಟ್ಟಿಗೆ ಕಟ್ಟಿದ. ಕ್ರೈಸ್ತನು ಯಾರ ಅಧೀನನೂ ಅಲ್ಲದ ಒಡೆಯ, ಕ್ರೈಸ್ತನು ಎಲ್ಲರ ಸೇವಕ. ತಾನು ಮಗ ಅನ್ನುವ ಭರವಸೆ ಇದ್ದವನಿಗೇ ಆಳಿನ ಕೆಲಸ ಮಾಡಲು ನಾಚಿಕೆ ಆಗುವುದಿಲ್ಲ.

ಆ ಅಕ್ಕನಿಗೆ ಕನ್ನಡ ಓದು ಕಷ್ಟ. ಮಗಳು ಏಳನೇ ಕ್ಲಾಸು, ಮರಾಠಿ ಶಾಲೆ. ಜ್ವರ ಬಿಟ್ಟ ಮೇಲೆ ರಾತ್ರಿ ಊಟ ಆಗಿ ಇಬ್ಬರೂ ಕೂರುತ್ತಾರೆ. ಮಗಳು ಮರಾಠಿಯಲ್ಲಿ ಬೈಬಲ್ ಓದುತ್ತಾಳೆ, ತಾಯಿ ಕನ್ನಡದಲ್ಲಿ ಕೇಳುತ್ತಾರೆ, ತಿಳಿಯದ್ದನ್ನು ಭಾನುವಾರಕ್ಕೆ ಇಟ್ಟುಕೊಳ್ಳುತ್ತಾರೆ. ಹೋದ ವಾರ ಗಲಾತ್ಯದ ನಾಲ್ಕನೇ ಅಧ್ಯಾಯ ಮುಗಿದಿತ್ತು. ನೀನು ಇನ್ನು ಆಳಲ್ಲ, ಮಗ ಅಂತ ಪೌಲ ಹೇಳುವ ಅಧ್ಯಾಯ ಅದು. ದೇವರನ್ನು ಯೇಸು ಕರೆದ ಅರಮಾಯಿಕ್ ಪದ 'ಅಬ್ಬಾ' ಅಲ್ಲಿ ಹಾಗೇ ಉಳಿದಿದೆ. ಹುಡುಗಿ ಅಲ್ಲಿ ನಿಲ್ಲಿಸಿ, ಆಯೀ, ಅಬ್ಬಾ ಅಂದರೆ ಏನು ಅಂತ ಕೇಳಿದಳಂತೆ.

"ನಾ ಏನಂದೆ ಗೊತ್ತೇನ್ರಿ ಅಣ್ಣಾ?" ಅಂದರು ಆ ಅಕ್ಕ, ಚಹಾದ ಲೋಟ ಕೈಯಲ್ಲಿ ಹಾಗೇ ಹಿಡಿದುಕೊಂಡು. "ನಿಮ್ಮಪ್ಪ ಸಂಜಿಗಿ ಮನಿಗಿ ಬಂದ್ರ ನೀ ಓಡಿ ಹೋಗಿ ಏನಂತೀ, ಅದೇ ನೋಡು ಅಂದೆ."